ನಾಲ್ಕಾಗಿ ಮಡಚಿದ ಕಾಗದ: ಸಿಸೇರಿಯನ್ ನಂತರದ ಎರಡನೇ ಹೆರಿಗೆ, ಒಂದು ಪ್ರಕರಣ

ಹಿಂದಿನ ಹೆರಿಗೆಯ ಕಾಗದ ಇದೆಯೇ ಎಂದು ಕೇಳಿದ್ದಕ್ಕೆ ಆಕೆಯ ಗಂಡ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರೊಂದನ್ನು ನನ್ನ ಮೇಜಿನ ಮೇಲೆ ಬರಿದು ಮಾಡಿದರು. ಪಡಿತರ ಚೀಟಿಯ ನಕಲು, ಎರಡು ಆಧಾರ್, ದೊಡ್ಡ ಮಗನ ಲಸಿಕೆ ಚೀಟಿ, ಯಾವುದೋ ಕರೆಂಟ್ ಬಿಲ್ಲು, ಕೊನೆಗೆ ನಾಲ್ಕಾಗಿ ಮಡಚಿ ಮಡಿಕೆಯಲ್ಲೇ ಹರಿಯತೊಡಗಿದ್ದ ಡಿಸ್ಚಾರ್ಜ್ ಹಾಳೆ. ಅದರಲ್ಲಿ ನನಗೆ ಬೇಕಾಗಿದ್ದ ಸಾಲು ಒಂದೇ: ‘ಸಿಪಿಡಿ ಕಾರಣ ಎಲ್‌ಎಸ್‌ಸಿಎಸ್’. ತಾಯಿಯ ಕಟಿಯೊಳಗೆ ಮಗುವಿನ ತಲೆ ಹಿಡಿಸುವುದಿಲ್ಲ, ಆದ್ದರಿಂದ ಗರ್ಭಕೋಶದ ಕೆಳಭಾಗವನ್ನು ಕೊಯ್ದು ಮಗುವನ್ನು ತೆಗೆದಿದೆ ಎಂದು ಅದರ ಅರ್ಥ.

ಇದು ನಾನು ಕೆಲಸ ಮಾಡುವ ತುಮಕೂರಿನ ಆಸ್ಪತ್ರೆಯೊಂದರ ಪ್ರಕರಣ. ಆಕೆಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಆಕೆಗೆ 26 ವರ್ಷ, ಎತ್ತರ 150 ಸೆಂಟಿಮೀಟರ್. ಊರು ಮಧುಗಿರಿ ತಾಲ್ಲೂಕಿನ ಮಿಡಿಗೇಶಿ ಕಡೆ, ತವರು ಗಡಿಯಾಚೆ ಹಿಂದೂಪುರದ ಹತ್ತಿರ. ಗಂಡ ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ ಮಾಡುತ್ತಾರೆ. ಅದಕ್ಕಾಗಿ ಕ್ಯಾತಸಂದ್ರದಲ್ಲಿ ಇನ್ನಿಬ್ಬರ ಜೊತೆ ಕೋಣೆ ಹಿಡಿದಿದ್ದರು. ಮೊದಲ ಹೆರಿಗೆ ವಾಡಿಕೆಯಂತೆ ತವರಿನಲ್ಲಿ, ಅಲ್ಲಿನ ಖಾಸಗಿ ನರ್ಸಿಂಗ್ ಹೋಮಿನಲ್ಲಿ ಆಗಿತ್ತು. ಈ ಸಲ ಪ್ರತಿ ತಿಂಗಳ 9ರಂದು ನಡೆಯುವ ಗರ್ಭಿಣಿಯರ ತಪಾಸಣೆಯ ದಿನ ಪ್ರಾಥಮಿಕ ಆರೋಗ್ಯ ಕೇಂದ್ರದವರು ತಾಯಿ ಕಾರ್ಡಿಗೆ ಕೆಂಪು ಚೀಟಿ ಅಂಟಿಸಿ, ‘ಹಿಂದೆ ಸಿಸೇರಿಯನ್, ರಕ್ತಹೀನತೆ’ ಎಂದು ಬರೆದು ಕಳುಹಿಸಿದ್ದರು. ನನ್ನ ಬಳಿಗೆ ಬಂದಾಗ 28 ವಾರ ತುಂಬಿತ್ತು, ಹಿಮೋಗ್ಲೋಬಿನ್ 8.9 ಇತ್ತು. ರಕ್ತಹೀನತೆಯ ಕಥೆ ಚಿಕ್ಕದು: ನಾಳದ ಮೂಲಕ ಕಬ್ಬಿಣಾಂಶ ಕೊಟ್ಟೆವು, 36 ವಾರಕ್ಕೆ 10.6ಕ್ಕೆ ಏರಿತು. ಉದ್ದದ್ದು ಆ ಒಂದು ಸಾಲಿನ ಕಥೆ.

ಸಿಪಿಡಿ ಎಂಬುದು ನಿಜವಾದರೆ ಎರಡನೇ ಬಾರಿ ಸಹಜ ಹೆರಿಗೆಗೆ ಪ್ರಯತ್ನಿಸುವ ಮಾತು ಅಲ್ಲಿಗೇ ಅರ್ಧ ಮುಗಿಯುತ್ತದೆ. ಒಮ್ಮೆ ಸಿಸೇರಿಯನ್ ಆದವರಲ್ಲಿ ಸಹಜ ಹೆರಿಗೆಗೆ ಯತ್ನಿಸಿದ ನೂರರಲ್ಲಿ 72ರಿಂದ 75 ಮಂದಿಗೆ ಅದು ಕೈಗೂಡುತ್ತದೆ ಎಂದು ಬ್ರಿಟನ್ನಿನ ಪ್ರಸೂತಿ ತಜ್ಞರ ಮಾರ್ಗಸೂಚಿ ಹೇಳುತ್ತದೆ. ಮೊದಲ ಸಿಸೇರಿಯನ್ ಮಗು ಅಡ್ಡಲಾಗಿದ್ದುದಕ್ಕೋ ಬುಡ ಕೆಳಗಾಗಿದ್ದುದಕ್ಕೋ ಆಗಿದ್ದರೆ, ಅಂದರೆ ಮರುಕಳಿಸಲೇಬೇಕೆಂದಿಲ್ಲದ ಕಾರಣವಾಗಿದ್ದರೆ, ಲೆಕ್ಕ ಇನ್ನೂ ಮೇಲಕ್ಕೆ ಹೋಗುತ್ತದೆ. ನೋವು ತಿಂದೂ ಮಗು ಇಳಿಯದೆ ಕೊಯ್ದಿದ್ದರೆ ಕೆಳಕ್ಕೆ ಬರುತ್ತದೆ.

ಆದರೆ ಹಾಳೆಯಲ್ಲಿ ಒಂದು ವಿಷಯ ಕೂಡಿಬರುತ್ತಿರಲಿಲ್ಲ. ಮೊದಲ ಮಗುವಿನ ತೂಕ 2.7 ಕಿಲೋ. ಆಪರೇಷನ್ ನಡೆದದ್ದು ಬೆಳಿಗ್ಗೆ, ಹಿಂದಿನ ದಿನ ಸಂಜೆ ದಾಖಲಾಗಿ. ನೋವು ಎಷ್ಟು ಹೊತ್ತು ತಿಂದಿರಿ ಎಂದು ಕೇಳಿದೆ. ನೋವೇ ಬರಲಿಲ್ಲ ಎಂದರು. ನೋವೇ ಬರದ ಹೆಂಗಸಿನ ಕಟಿ ಚಿಕ್ಕದು ಎಂದು ತೀರ್ಮಾನಿಸುವುದು, ಪರೀಕ್ಷೆಗೇ ಕೂರಿಸದೆ ಹುಡುಗಿಯನ್ನು ಫೇಲು ಮಾಡಿದ ಹಾಗೆ. ‘ದಾರಿ ಚಿಕ್ಕದು ಅಂದಿದ್ದರು’ ಎಂದು ಗಂಡ, ‘ಮಗು ತಿರುಗಿರಲಿಲ್ಲ ಅಂದಿದ್ದರು’ ಎಂದು ಆಕೆಯ ತಾಯಿ. ಇಬ್ಬರೂ ಖಚಿತವಾಗಿ ಹೇಳಿದರು. ಆಕೆ ಮಾತ್ರ ಸುಮ್ಮನಿದ್ದರು.

ಮುಂದಿನ ಭೇಟಿಗೆ ತವರುಮನೆಯ ಟ್ರಂಕಿನಿಂದ ಹಳೆಯ ಸ್ಕ್ಯಾನ್ ಬಂತು. 37ನೇ ವಾರದ್ದು. ಶಾಯಿ ಮಾಸಿದ್ದರೂ ಓದಬಹುದಾಗಿತ್ತು: ಮಗು ಬುಡ ಕೆಳಗಾಗಿದೆ, ತಲೆ ಮೇಲಿದೆ. ಸಿಪಿಡಿಯ ಸುದ್ದಿಯೇ ಇಲ್ಲ.

ಆ ನರ್ಸಿಂಗ್ ಹೋಮಿಗೆ ಮೂರು ಬಾರಿ ಫೋನ್ ಮಾಡಿದೆ. ಆಪರೇಷನ್ ಮಾಡಿದ ವೈದ್ಯರು ಊರು ಬಿಟ್ಟಿದ್ದರು. ಮೂರನೇ ಸಲ ಫೋನ್ ಎತ್ತಿದ ಹಿರಿಯ ಸಿಸ್ಟರ್, ಪುಣ್ಯಾತ್ಗಿತ್ತಿ, ದಿನಾಂಕ ಕೇಳಿಕೊಂಡು ಥಿಯೇಟರಿನ ದಾಖಲೆ ಪುಸ್ತಕ ತೆರೆದು ತೆಲುಗು ಬೆರೆತ ಕನ್ನಡದಲ್ಲಿ ಓದಿ ಹೇಳಿದರು: ಮಗು ಬುಡ ಕೆಳಗೆ, ಗರ್ಭಕೋಶದ ಕೆಳಭಾಗದಲ್ಲಿ ಅಡ್ಡ ಕೊಯ್ತ, ಎರಡು ಪದರ ಹೊಲಿಗೆ, ಕೊಯ್ತ ಎಲ್ಲೂ ಹರಿದು ಮುಂದುವರಿದಿಲ್ಲ. ಆ ಪುಟದ ಫೋಟೋವನ್ನೂ ಮೊಬೈಲಿಗೆ ಕಳುಹಿಸಿದರು. ಡಿಸ್ಚಾರ್ಜ್ ಹಾಳೆಯ ಸಿಪಿಡಿ ಎಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ. ಕಂಪ್ಯೂಟರಿನಲ್ಲಿ ಹಿಂದಿನ ರೋಗಿಯ ಹಾಳೆಯನ್ನೇ ತೆರೆದು ಹೆಸರು, ದಿನಾಂಕ ಬದಲಿಸುವ ಅಭ್ಯಾಸ ಎಲ್ಲ ಕಡೆಯೂ ಇದೆ, ನಮ್ಮಲ್ಲೂ ಇದೆ.

ಹೊಟ್ಟೆಯ ಮೇಲಿನ ಕಲೆ ಅಡ್ಡಕ್ಕಿದೆಯಲ್ಲ, ಅಷ್ಟು ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಚರ್ಮದ ಮೇಲೆ ಅಡ್ಡ ಕೊಯ್ದು ಒಳಗೆ ಗರ್ಭಕೋಶವನ್ನು ಉದ್ದಕ್ಕೆ ಕೊಯ್ದಿರಬಹುದು. ನೋವು ಬಂದಾಗ ಬಿಗಿದು ಸಡಿಲಗೊಳ್ಳುವುದು ಗರ್ಭಕೋಶದ ಮೇಲ್ಭಾಗ. ಅಲ್ಲಿ ಉದ್ದದ ಹೊಲಿಗೆ ಇದ್ದರೆ ಬಿಚ್ಚುವ ಸಂಭವ ತೀರಾ ಹೆಚ್ಚು, ನೂರಕ್ಕೆ ಎರಡರಿಂದ ಒಂಬತ್ತರವರೆಗೆ ಹೇಳುತ್ತಾರೆ. ಅಂಥವರಿಗೆ ಸಹಜ ಹೆರಿಗೆಯ ಪ್ರಯತ್ನವೇ ಕೂಡದು. ಕೆಳಭಾಗದ ಅಡ್ಡ ಹೊಲಿಗೆಯಾದರೆ, ನೋವು ತಾನಾಗಿ ಬಂದಾಗ, ಬಿಚ್ಚುವುದು 200 ಮಂದಿಯಲ್ಲಿ ಒಬ್ಬರಿಗೆ. ‘ಒಮ್ಮೆ ಸಿಸೇರಿಯನ್ ಆದರೆ ಮುಂದೆಲ್ಲ ಸಿಸೇರಿಯನ್’ ಎಂಬ ಮಾತು ನ್ಯೂಯಾರ್ಕಿನ ಎಡ್ವಿನ್ ಕ್ರಾಗಿನ್ 1916ರಲ್ಲಿ ಬರೆದದ್ದು. ಆಗ ಎಲ್ಲರೂ ಕೊಯ್ಯುತ್ತಿದ್ದುದು ಉದ್ದಕ್ಕೆ. ಅವರು ಅದನ್ನು ಹೇಳಿದ್ದು ಕೂಡ ಮೊದಲ ಸಿಸೇರಿಯನ್‌ಗೆ ಅವಸರಪಡಬೇಡಿ ಎಂದು ಎಚ್ಚರಿಸುವುದಕ್ಕೆ. ಎಚ್ಚರಿಕೆ ಮರೆತುಹೋಯಿತು, ಮಾತು ಉಳಿಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸಿಸೇರಿಯನ್ ಹೆರಿಗೆ 2015–16ರಲ್ಲಿ ನೂರಕ್ಕೆ 23.6 ಇದ್ದದ್ದು 2019–21ರ ಹೊತ್ತಿಗೆ 31.5 ಆಗಿದೆ. ಇಂಥ ಪ್ಲಾಸ್ಟಿಕ್ ಕವರುಗಳು ಇನ್ನೂ ಬಹಳ ಬರಲಿವೆ.

ಆಕೆಯ ಪಾಲಿಗೆ ಅನುಕೂಲವಾಗಿದ್ದವು ಇಷ್ಟು: ಒಂದೇ ಸಿಸೇರಿಯನ್, ಅಡ್ಡ ಹೊಲಿಗೆ, ಮರುಕಳಿಸದ ಕಾರಣ, ಎರಡು ಹೆರಿಗೆಗಳ ನಡುವೆ ಮೂರು ವರ್ಷ ಮೀರಿದ ಅಂತರ, ಈ ಸಲ ಮಗುವಿನ ತಲೆ ಕೆಳಗೆ, ಮಾಸು ಮೇಲ್ಭಾಗದಲ್ಲಿ, ಹಳೆಯ ಹೊಲಿಗೆಯಿಂದ ದೂರ. ಪ್ರತಿಕೂಲವಾಗಿದ್ದವು: ಹಿಂದೆ ಒಮ್ಮೆಯೂ ಸಹಜ ಹೆರಿಗೆ ಆಗಿಲ್ಲ, ಎತ್ತರ ಕಡಿಮೆ, ಮನೆ ದೂರ.

ನಡುವೆ ಒಂದು ಕಿರಿಕಿರಿ. ಯಾರೋ ಹೇಳಿದರೆಂದು 35ನೇ ವಾರದಲ್ಲಿ ಹೊರಗಡೆ ಸ್ಕ್ಯಾನ್ ಮಾಡಿಸಿಕೊಂಡು ಬಂದರು. ವರದಿಯಲ್ಲಿ ದಪ್ಪಕ್ಷರದಲ್ಲಿ ‘ಹೊಲಿಗೆಯ ದಪ್ಪ 2.4 ಮಿಲಿಮೀಟರ್’ ಎಂದಿತ್ತು. ಕುಟುಂಬ ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ. ಇಷ್ಟು ಮಿಲಿಮೀಟರಿಗಿಂತ ಮೇಲಿದ್ದರೆ ಕ್ಷೇಮ, ಕೆಳಗಿದ್ದರೆ ಅಪಾಯ ಎಂದು ಎಲ್ಲರೂ ಒಪ್ಪುವ ಗೆರೆಯೊಂದಿಲ್ಲ. ಅಳೆಯುವ ಕೈ ಬದಲಾದರೆ ಅಳತೆಯೂ ಬದಲಾಗುತ್ತದೆ. ಆ ಒಂದು ಅಂಕಿಯನ್ನು ಹಿಡಿದು ನಾನು ಏನನ್ನೂ ತೀರ್ಮಾನಿಸುವುದಿಲ್ಲ ಎಂದು ಹೇಳಿದೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.

36ನೇ ವಾರದಲ್ಲಿ ಎಲ್ಲರನ್ನೂ ಕೂರಿಸಿಕೊಂಡೆ. ಗಂಡ, ಅತ್ತೆ, ತಾಯಿ, ತಂದೆ, ಜೊತೆಗೆ ಬಂದ ಆಶಾ ಕಾರ್ಯಕರ್ತೆ. ನಮ್ಮ ಹೊರರೋಗಿ ವಿಭಾಗದಲ್ಲಿ ಅರ್ಧ ಗಂಟೆ ಯಾರಿಗೂ ಸಿಗುವುದಿಲ್ಲ, ಊಟದ ಹೊತ್ತನ್ನು ಬಿಟ್ಟುಕೊಟ್ಟರೆ ಸಿಗುತ್ತದೆ. 200ಕ್ಕೆ ಒಂದು ಎಂದು ಹೇಳಿದೆ. ಅತ್ತೆ ಸ್ವಲ್ಪ ಯೋಚಿಸಿ, ‘ಇನ್ನೂರು ಕಡಲೆಕಾಯಿ ಬೀಜದಲ್ಲಿ ಒಂದು ಮುಗ್ಗಲು. ಅಷ್ಟೇನಲ್ಲ. ಆದರೆ ಅದು ಬಾಯಿಗೆ ಬಂದರೆ ಇಡೀ ಬಾಯಿ ಕಹಿ’ ಎಂದರು. ಶೇಂಗಾ ಬೆಳೆಯುವ ಸೀಮೆಯವರು. ನಾನು ಇಷ್ಟು ವರ್ಷದಲ್ಲಿ ಇದಕ್ಕಿಂತ ಚೆನ್ನಾಗಿ ಅದನ್ನು ಹೇಳಿಲ್ಲ. ಮುಗ್ಗಲು ಬಾಯಿಗೆ ಬಂದಾಗ ಉಗುಳಲು ಎಷ್ಟು ಹೊತ್ತು ಬೇಕು ಎಂಬುದೇ ನಮ್ಮ ಚರ್ಚೆಯ ಉಳಿದ ಭಾಗವಾಯಿತು.

ಹೊಲಿಗೆ ಬಿಚ್ಚಿದರೆ ಮಗುವಿಗೆ ಆಮ್ಲಜನಕ ನಿಲ್ಲುತ್ತದೆ. ಉಳಿಸಲು ಸಿಗುವುದು ನಿಮಿಷಗಳು. ಮಿಡಿಗೇಶಿಯಿಂದ ಮಧುಗಿರಿ, ಅಲ್ಲಿಂದ ಕೊರಟಗೆರೆ ಮೇಲೆ ತುಮಕೂರು: ಮಧುಗಿರಿಯಿಂದ ಲೆಕ್ಕ ಹಾಕಿದರೂ 40 ಕಿಲೋಮೀಟರಿಗೆ ಮೇಲಾಯಿತು. 108 ಎಷ್ಟೇ ಬೇಗ ಬಂದರೂ ಅದು ನಿಮಿಷಗಳ ಲೆಕ್ಕವಲ್ಲ. ರಾತ್ರಿ ಎರಡು ಗಂಟೆಗೆ ಅರಿವಳಿಕೆ ತಜ್ಞರು, ರಕ್ತ, ಥಿಯೇಟರ್ ಮೂರೂ ಒಟ್ಟಿಗೆ ಸಿಗುವ ಜಾಗದಲ್ಲಿ ಮಾತ್ರ ನೋವು ತಿನ್ನಬೇಕು. ಊರಿನಲ್ಲಿ ನೋವು ಶುರುವಾಗುವುದಾದರೆ ನಾನು ಈ ಪ್ರಯತ್ನಕ್ಕೆ ಒಪ್ಪುವುದಿಲ್ಲ ಎಂದೆ. 38 ವಾರಕ್ಕೆ ಕ್ಯಾತಸಂದ್ರದ ಕೋಣೆಗೆ ಬಂದು ಉಳಿಯುವುದೆಂದಾಯಿತು. ಜೊತೆಯಲ್ಲಿದ್ದ ಇಬ್ಬರು ಹುಡುಗರು ಆ ತಿಂಗಳ ಮಟ್ಟಿಗೆ ಬೇರೆ ಕಡೆ ಹೊಂದಿಸಿಕೊಂಡರು. ಈ ಪ್ರಕರಣದಲ್ಲಿ ನಾನು ಬರೆದ ಯಾವ ಔಷಧಿಗಿಂತಲೂ ಆ ಹುಡುಗರು ಮಾಡಿದ ಉಪಕಾರ ದೊಡ್ಡದು.

ಎರಡನೇ ಸಿಸೇರಿಯನ್‌ನ ಪಕ್ಷವನ್ನೂ ಹೇಳಬೇಕಾಗಿತ್ತು. ದಿನ ಗೊತ್ತಾಗಿರುತ್ತದೆ, ಎಲ್ಲರೂ ಸಿದ್ಧವಾಗಿರುತ್ತಾರೆ, ಹೊಲಿಗೆ ಬಿಚ್ಚುವ ಭಯ ಹತ್ತು ಸಾವಿರಕ್ಕೆ ಎರಡಕ್ಕಿಂತ ಕಡಿಮೆಗೆ ಇಳಿಯುತ್ತದೆ. ಅಪಾಯ ಮುಂದಕ್ಕೆ ಹೋಗಿ ಕೂರುತ್ತದೆ. ಮೂರನೇ ಬಸಿರಿನಲ್ಲಿ ಮಾಸು, ನಮ್ಮ ಜನ ಹೇಳುವ ಕಸ, ಕೆಳಗೆ ಹಳೆಯ ಹೊಲಿಗೆಯ ಮೇಲೆ ಕೂತರೆ ಗರ್ಭಕೋಶದೊಳಕ್ಕೆ ಬೇರು ಬಿಡಬಹುದು. 2006ರ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ, ಹೀಗೆ ಮಾಸು ಕೆಳಗೆ ಕೂತು ಮೂರನೇ ಸಿಸೇರಿಯನ್‌ಗೆ ಬಂದವರಲ್ಲಿ ನೂರಕ್ಕೆ 40 ಮಂದಿಗೆ ಹಾಗಾಗಿತ್ತು. ಗರ್ಭಕೋಶವನ್ನೇ ತೆಗೆಯಬೇಕಾಗುವ ಪ್ರಸಂಗ ಅದು. ಹಾಗೆಯೇ ಸಹಜ ಹೆರಿಗೆಗೆ ಯತ್ನಿಸಿ ಕೈಗೂಡದೆ ತುರ್ತು ಸಿಸೇರಿಯನ್‌ಗೆ ಹೋಗುವ ನಾಲ್ಕನೇ ಒಂದು ಪಾಲು ಹೆಂಗಸರೇ ಎಲ್ಲರಿಗಿಂತ ಹೆಚ್ಚು ತೊಂದರೆ ಅನುಭವಿಸುವವರು: ಸೋಂಕು, ರಕ್ತಸ್ರಾವ, ಜ್ವರ. ಇದನ್ನು ಮುಚ್ಚಿಟ್ಟು ಸಹಜ ಹೆರಿಗೆಯ ಗುಣಗಾನ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

‘ಮೂರನೆಯದು ಯಾರಿಗೆ ಬೇಕು?’ ಎಂದರು ಅತ್ತೆ. ಮಾತು ಅಲ್ಲಿಗೆ ಬರುತ್ತದೆಂದು ನನಗೆ ಗೊತ್ತಿತ್ತು. ನಮ್ಮ ಜಿಲ್ಲೆಯಲ್ಲಿ ಎರಡನೇ ಸಿಸೇರಿಯನ್ ಆಯ್ದುಕೊಳ್ಳುವ ಎಷ್ಟೋ ಮನೆಗಳ ನಿಜವಾದ ಕಾರಣ ಹೊಲಿಗೆಯ ಭಯವಲ್ಲ. ‘ಹೇಗೂ ಹೊಟ್ಟೆ ಕೊಯ್ಯುತ್ತೀರಿ, ಆ ಆಪರೇಷನ್ನನ್ನೂ ಅದರಲ್ಲೇ ಮುಗಿಸಿಬಿಡಿ’ ಎಂಬುದು. ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಸಹಜ ಹೆರಿಗೆಯಾದ ಏಳು ದಿನದೊಳಗೆ ಹೊಕ್ಕುಳ ಕೆಳಗೆ ಚಿಕ್ಕ ಕೊಯ್ತದಲ್ಲಿ ಮಾಡಬಹುದು. ಗಂಡಸಿಗೆ ಮಾಡುವುದು ಅದಕ್ಕಿಂತ ಸುಲಭ. ಎರಡನೆಯದನ್ನು ಹೇಳಿದಾಗ ಗಂಡ ಕಿಟಕಿಯ ಕಡೆ ನೋಡಿದರು, ಆಶಾ ಕಾರ್ಯಕರ್ತೆ ನಕ್ಕರು. ತಂದೆ ಪಂಚಾಂಗ ತೋರಿಸಿಕೊಂಡು ಬಂದಿದ್ದರು. ಅಮಾವಾಸ್ಯೆಗೆ ಮುಂಚೆ ಒಂದು ಒಳ್ಳೆಯ ದಿನವಿತ್ತು, ಆ ದಿನಕ್ಕೆ 37 ವಾರ 6 ದಿನ. 39 ವಾರ ತುಂಬುವ ಮೊದಲು ಕೊಯ್ದರೆ ಮಗು ಉಸಿರಾಟಕ್ಕೆ ಕಷ್ಟಪಡುವ ಸಂಭವ ಹೆಚ್ಚು, ಒಳ್ಳೆಯ ಗಳಿಗೆಯಲ್ಲಿ ಹುಟ್ಟಿದ ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿ ನೋಡಬೇಕಾದೀತು ಎಂದೆ. ಪಂಚಾಂಗ ಚೀಲದೊಳಕ್ಕೆ ಹೋಯಿತು.

ಆಮೇಲೆ ಎಲ್ಲರನ್ನೂ ಹೊರಗೆ ಕಳುಹಿಸಿ ಆಕೆಯೊಬ್ಬರನ್ನೇ ಕೇಳಿದೆ. ಆಕೆ ಹೊಲಿಗೆಯ ಬಗ್ಗೆ ಮಾತನಾಡಲಿಲ್ಲ, ಹಸುಗಳ ಬಗ್ಗೆ ಮಾತನಾಡಿದರು. ಮನೆಯಲ್ಲಿ ಎರಡು ಹಸು, ನೀರು ತರುವುದು ಬೀದಿ ನಲ್ಲಿಯಿಂದ, ದೊಡ್ಡವನು ಇನ್ನೂ ಎತ್ತಿಕೋ ಎನ್ನುವ ವಯಸ್ಸಿನವನು. ಕಳೆದ ಸಲ ತವರಿನಲ್ಲಿ ಬಾಣಂತನವಾಯಿತು. ಈಗ ತಾಯಿಗೆ ಮಂಡಿನೋವು, ಹೆಚ್ಚೆಂದರೆ ಒಂದು ತಿಂಗಳು. ಹೊಟ್ಟೆಯಲ್ಲಿ ಹೊಸ ಹೊಲಿಗೆ ಇಟ್ಟುಕೊಂಡು ಕೊಡ ಎತ್ತುವುದು ಹೇಗೆ? ನಂತರ ತಾನೇ ಷರತ್ತು ಹಾಕಿದರು. ನೋವು ತಾನಾಗಿ ಬಂದರೆ ಪ್ರಯತ್ನ, ಬರಿಸುವ ಸೂಜಿ ಬೇಡ. 41 ವಾರದೊಳಗೆ ಬರದಿದ್ದರೆ ಆಪರೇಷನ್. ಮಗುವಿನ ಎದೆಬಡಿತ ಕೆಟ್ಟರೆ ‘ನನ್ನನ್ನು ಕೇಳುತ್ತಾ ಕೂರಬೇಡಿ’. ಸಂತಾನಹರಣ ಈಗ ಬೇಡ, ಈ ಮಗುವಿಗೆ ಒಂದು ವರ್ಷವಾಗಲಿ. ಅಲ್ಲಿಯವರೆಗೆ ವಂಕಿ, ಅಂದರೆ ಕಾಪರ್-ಟಿ, ಸಾಕು. ಹೆರಿಗೆ ಹೇಗಾದರೂ ಸರಿ, ಮಾಸು ಹೊರಬಂದ ಕೂಡಲೇ ಅದನ್ನು ಒಳಗಿಡಬಹುದು ಎಂದು ಹೇಳಿ, ಒಪ್ಪಿಗೆಗೆ ಅಂದೇ ಸಹಿ ಪಡೆದೆ. ನೋವಿನಲ್ಲಿ ನರಳುತ್ತಿರುವವಳ ಕೈಗೆ ಪೆನ್ನು ಕೊಡುವುದು ಒಪ್ಪಿಗೆಯಲ್ಲ.

ಸೂಜಿಯ ಷರತ್ತು ಆಕೆಯ ಊಹೆಯಿಂದ ಬಂದದ್ದಾದರೂ ಸರಿಯಾಗಿಯೇ ಇತ್ತು. ನೋವು ಬರಿಸಿದರೆ ಅಥವಾ ಔಷಧಿ ಹಾಕಿ ಹೆಚ್ಚಿಸಿದರೆ ಹೊಲಿಗೆ ಬಿಚ್ಚುವ ಅಪಾಯ ಎರಡು ಮೂರು ಪಟ್ಟಾಗುತ್ತದೆ. ನೋವು ಬರಿಸುವ ಮಿಸೊಪ್ರೊಸ್ಟಾಲ್ ಮಾತ್ರೆಯನ್ನಂತೂ ಇಂಥವರ ಹತ್ತಿರವೇ ತರಬಾರದು.

39 ವಾರ 4 ದಿನವಾದಾಗ ನಸುಕಿನ ಮೂರಕ್ಕೆ ನೋವು ಶುರುವಾಯಿತು. ನಾಲ್ಕೂವರೆಗೆ ಆಟೋದಲ್ಲಿ ಬಂದರು. ಗರ್ಭಕೋಶದ ಬಾಯಿ 4 ಸೆಂಟಿಮೀಟರ್ ತೆರೆದಿತ್ತು. ನಾಳಕ್ಕೆ ಸೂಜಿ, ಎರಡು ಬಾಟಲಿ ರಕ್ತ ಹೊಂದಿಸಿಟ್ಟದ್ದು, ಅರಿವಳಿಕೆ ತಜ್ಞರಿಗೆ ಸುದ್ದಿ. ಎದೆಬಡಿತವನ್ನು ಬಿಡದೆ ದಾಖಲಿಸುವ ಯಂತ್ರ ಅಂದು ನಮ್ಮ ಹೆರಿಗೆ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದುದು ಒಂದೇ. ಅದನ್ನು ಆಕೆಗೆ ಕಟ್ಟಿ, ಪಕ್ಕದ ಮಂಚದವರನ್ನು ಕೈಯಂತ್ರದಲ್ಲಿ ನೋಡಿಕೊಂಡೆವು. ಬ್ರಿಟನ್ನಿನ ಅಂಕಿಗಳನ್ನು ತುಮಕೂರಿನಲ್ಲಿ ಹೇಳುವಾಗ ಇದನ್ನೂ ಜೊತೆಗೆ ಹೇಳಬೇಕು. ಆ ಅಂಕಿಗಳು ಯಂತ್ರಕ್ಕೆ ಸರದಿ ಕಾಯುವ ಕೋಣೆಗಳಲ್ಲಿ ಹುಟ್ಟಿದವಲ್ಲ.

ಎಂಟೂವರೆಗೆ 6 ಸೆಂಟಿಮೀಟರ್. ಹನ್ನೊಂದೂವರೆಗೆ ಕಷ್ಟಪಟ್ಟು 7. ಮಗುವಿನ ಮುಖ ತಾಯಿಯ ಹೊಟ್ಟೆಯ ಕಡೆಗಿತ್ತು. ಹಾಗಿರುವಾಗ ತಲೆ ನಿಧಾನವಾಗಿಯೇ ಇಳಿಯುತ್ತದೆ, ಬೆನ್ನುನೋವು ಜಾಸ್ತಿ. ನೋವು ಹೆಚ್ಚಿಸುವ ಆಕ್ಸಿಟೋಸಿನ್ ಹನಿ ಹಾಕೋಣವೇ ಎಂದು ಕಿರಿಯ ವೈದ್ಯೆ ಕೇಳಿದರು. ಬೇಡವೆಂದು ನೀರಿನ ಚೀಲ ಒಡೆದೆ. ತಿಳಿಯಾಗಿತ್ತು. ಆಕೆಯನ್ನು ಎಡಮಗ್ಗುಲಿಗೆ ಮಲಗಿಸಿದೆವು, ಸ್ವಲ್ಪ ಹೊತ್ತು ಮಂಚ ಹಿಡಿದು ನಿಲ್ಲಿಸಿದೆವು. ಅತ್ತೆ ಬಂದು ಸೊಂಟ ಒತ್ತಿದರು. ನಾಲ್ಕು ಹೆತ್ತ ಕೈ ಅದು, ಎಲ್ಲಿ ಒತ್ತಬೇಕೆಂದು ಅದಕ್ಕೆ ಹೇಳಿಕೊಡಬೇಕಾಗಿರಲಿಲ್ಲ.

ಮಧ್ಯಾಹ್ನ ಒಂದರ ಹೊತ್ತಿಗೆ 8 ಸೆಂಟಿಮೀಟರ್. ಹತ್ತು ನಿಮಿಷದ ನಂತರ ಎದೆಬಡಿತದ ಗೆರೆ ಪ್ರತಿ ನೋವಿನ ಕೊನೆಗೆ ತಗ್ಗತೊಡಗಿತು. ಒಂದು ಸಲ 140ರಿಂದ 90ಕ್ಕೆ, ಏಳುವುದು ತಡವಾಯಿತು. ಮತ್ತೊಂದು ಸಲವೂ ಹಾಗೆಯೇ. ಮೂತ್ರ ತಿಳಿಯಾಗಿತ್ತು, ಹೊಲಿಗೆಯ ಮೇಲೆ ಮುಟ್ಟಿದರೆ ನೋವಿರಲಿಲ್ಲ, ರಕ್ತಸ್ರಾವ ಇರಲಿಲ್ಲ. ಆದರೆ ಹೊಲಿಗೆ ಬಿಚ್ಚುವಾಗ ಎಲ್ಲಕ್ಕಿಂತ ಮೊದಲು ಕೆಡುವುದು ಸಾಮಾನ್ಯವಾಗಿ ಈ ಗೆರೆಯೇ. ನಾನು ಆಕೆಯ ಮುಖ ನೋಡಿದೆ. ‘ಕೇಳಬೇಡಿ ಎಂದಿದ್ದೆನಲ್ಲ’ ಎಂದರು.

ತೀರ್ಮಾನ 1.14ಕ್ಕೆ, ಮಗು ಹೊರಬಂದದ್ದು 1.41ಕ್ಕೆ. 27 ನಿಮಿಷ. ಅದರಲ್ಲಿ ಎಂಟು ನಿಮಿಷ ಅರಿವಳಿಕೆ ತಜ್ಞರು ಪಕ್ಕದ ಥಿಯೇಟರಿನಿಂದ ಬಿಡಿಸಿಕೊಂಡು ಬರಲು ಹೋಯಿತು. ಹಳೆಯ ಹೊಲಿಗೆ ಒಂದೆಳೆಯೂ ಬಿಚ್ಚದೆ ಗಟ್ಟಿಯಾಗಿತ್ತು. ಮೂತ್ರಕೋಶ ಮಾತ್ರ ಮೇಲಕ್ಕೆ ಅಂಟಿಕೊಂಡಿತ್ತು. ಹೊಕ್ಕುಳಬಳ್ಳಿ ಕತ್ತಿಗೆ ಎರಡು ಸುತ್ತು. ಹೆಣ್ಣು, 3.1 ಕಿಲೋ. ತೆಗೆದ ಕೂಡಲೇ ಅಳಲಿಲ್ಲ, ಬೆನ್ನು ಉಜ್ಜಿದ ಮೇಲೆ ಅತ್ತಿತು. ನಾನು ವಂಕಿ ಇಟ್ಟು ಹೊಲಿಗೆ ಹಾಕುತ್ತಿರುವಾಗ ಹೊರಗಿನಿಂದ ಸಿಸ್ಟರ್ ಬಂದು, ‘ಅದನ್ನೂ ಮಾಡಿಬಿಡಲಿ ಎಂದು ಅತ್ತೆ ಹೇಳುತ್ತಿದ್ದಾರೆ’ ಎಂದರು. ಸಹಿ ಮಾಡಿದವರು ಹಾಗೆ ಹೇಳಿಲ್ಲ ಎಂದು ಹೇಳಿ ಕಳುಹಿಸಿದೆ.

ಮೂರನೇ ದಿನ ಆಕೆಗೆ ಜ್ವರ ಬಂತು. ಎರಡು ದಿನ ಆಂಟಿಬಯಾಟಿಕ್ ಮುಂದುವರಿಸಿದೆವು. ಹತ್ತು ಗಂಟೆ ನೋವು ತಿಂದು, ಮೇಲೆ ಹೊಲಿಗೆಯನ್ನೂ ಹಾಕಿಸಿಕೊಂಡವರ ಪಾಡು ಅದು. ‘ಮೊದಲೇ ದಿನ ಇಟ್ಟು ಕೊಯ್ದಿದ್ದರೆ ಇದೆಲ್ಲ ಇರುತ್ತಿರಲಿಲ್ಲ’ ಎಂದರು ನನ್ನ ಸಹೋದ್ಯೋಗಿ. ನಿಜ, ಇರುತ್ತಿರಲಿಲ್ಲ. ಹೊಲಿಗೆ ಗಟ್ಟಿಯಾಗಿತ್ತಲ್ಲ, ಇನ್ನರ್ಧ ಗಂಟೆ ಕಾದಿದ್ದರೆ ಸಹಜವಾಗಿಯೇ ಆಗುತ್ತಿತ್ತೇನೋ ಎಂದರು ಕಿರಿಯ ವೈದ್ಯೆ. ಅದೂ ಇರಬಹುದು. ಹೊಟ್ಟೆ ತೆರೆದ ಮೇಲೆ ಕಂಡದ್ದನ್ನು ಇಟ್ಟುಕೊಂಡು ತೆರೆಯುವ ಮೊದಲಿನ ತೀರ್ಮಾನವನ್ನು ಅಳೆಯಲು ನಾನು ಒಪ್ಪುವುದಿಲ್ಲ. 36ನೇ ವಾರದಲ್ಲಿ ಆಕೆ ಮತ್ತೆ ನನ್ನೆದುರು ಬಂದು ಕುಳಿತರೆ ಅದೇ ಹಾಳೆಯನ್ನೇ ಬರೆಯುತ್ತೇನೆ. ಯಂತ್ರವೊಂದು ಹೆಚ್ಚಿಗೆ ಇರಲಿ ಎಂದು ಮಾತ್ರ ಬೇಡಿಕೊಳ್ಳುತ್ತೇನೆ. ಆಕೆಯನ್ನು ಕೇಳಿದ್ದಕ್ಕೆ, ‘ಹಸು ಮಾರಿದೆವು’ ಎಂದರು. ಒಂದನ್ನೋ ಎರಡನ್ನೋ ಎಂದು ನಾನು ಕೇಳಲಿಲ್ಲ.

ಏಳನೇ ದಿನ ಮನೆಗೆ ಹೊರಟರು. ಗಂಡ ಅದೇ ಪ್ಲಾಸ್ಟಿಕ್ ಕವರು ಹಿಡಿದು ನಿಂತಿದ್ದರು. ಡಿಸ್ಚಾರ್ಜ್ ಹಾಳೆ ಮುದ್ರಣವಾಗಿ ಸಹಿಗೆ ಬಂತು. ಓದಿದೆ. ‘ಹಿಂದಿನ ಎಲ್‌ಎಸ್‌ಸಿಎಸ್, ಸಿಪಿಡಿ ಕಾರಣ. ಈಗ ಪುನಃ ಎಲ್‌ಎಸ್‌ಸಿಎಸ್, ಸಿಪಿಡಿ ಕಾರಣ.’ ಹೊಸದಾಗಿ ಸೇರಿದ ಹುಡುಗ ಹಳೆಯ ಹಾಳೆಯನ್ನು ನೋಡಿಕೊಂಡು ಟೈಪು ಮಾಡಿದ್ದ. ಎರಡೂ ಕಡೆ ಗೀಟು ಹೊಡೆದು, ಮೊದಲನೆಯದರ ಮುಂದೆ ‘ಬುಡ ಕೆಳಗೆ’ ಎಂದೂ ಎರಡನೆಯದರ ಮುಂದೆ ‘8 ಸೆಂಟಿಮೀಟರ್ ತೆರೆದ ಮೇಲೆ ಎದೆಬಡಿತ ತಗ್ಗಿದ್ದು, ಕತ್ತಿಗೆ ಬಳ್ಳಿ ಎರಡು ಸುತ್ತು, ಹಳೆಯ ಹೊಲಿಗೆ ಗಟ್ಟಿ, ಅಡ್ಡ ಕೊಯ್ತ, ಎರಡು ಪದರ’ ಎಂದೂ ಬರೆದು, ಮತ್ತೆ ಮುದ್ರಿಸಿಕೊಂಡು ಬಾ ಎಂದು ಕಳುಹಿಸಿದೆ. ಮುದ್ರಣಯಂತ್ರದಲ್ಲಿ ಕಾಗದ ಮುಗಿದಿತ್ತು. ಮುಕ್ಕಾಲು ಗಂಟೆಯಾಯಿತು. ಮಧುಗಿರಿಯ ಬಸ್ಸು ತಪ್ಪಿತೆಂದು ಅತ್ತೆ ಗೊಣಗಿದರು.